ಎಲ್ಲ ಹುಳ ಎದ್ದ ಮೇಲೆ

ರೂಪ ಹನ್ನೊಂದು ವರ್ಷ ಬೇರೆಯವರ ಹುಳಕ್ಕೆ ಸೊಪ್ಪು ಕತ್ತರಿಸಿದಳು.

ಶಿಡ್ಲಘಟ್ಟದ ಹೊರಗೆ ಮುರಳಿಮೋಹನ್ ಅವರ ಚಾಕಿ ಕೇಂದ್ರ. ರೇಷ್ಮೆ ಹುಳ ಮೊಟ್ಟೆಯಿಂದ ಬಂದಾಗ ಇರುವೆಗಿಂತ ಸಣ್ಣದಾಗಿರುತ್ತದೆ. ಆ ಮೊದಲ ಎಂಟು ದಿನ ಅದನ್ನು ಉಳಿಸಿಕೊಳ್ಳುವುದು ಎಲ್ಲರ ಕೈಯಲ್ಲಿ ಆಗುವ ಕೆಲಸವಲ್ಲ. ಅದಕ್ಕೆ ಚಾಕಿ ಕೇಂದ್ರದವರೇ ಸಾಕಿ, ಎರಡನೇ ಜ್ವರಕ್ಕೆ ಕೂತಾಗ ರೈತರಿಗೆ ಕೊಡುತ್ತಾರೆ. ಜ್ವರ ಎಂದರೆ ಕಾಯಿಲೆಯಲ್ಲ. ಹುಳ ತಿನ್ನುವುದು ಬಿಟ್ಟು ತಲೆ ಎತ್ತಿಕೊಂಡು ಒಂದು ದಿನ ಅಲ್ಲಾಡದೆ ಕೂರುತ್ತದೆ. ಆಮೇಲೆ ಹಳೆಯ ಚರ್ಮ ಕಳಚಿ ಏಳುತ್ತದೆ. ಹಾಗೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ.

ಈ ಕೆಲಸದಲ್ಲಿ ರೂಪಳ ಕೈ ಚೆನ್ನಾಗಿತ್ತು. ಕೇಂದ್ರದಲ್ಲಿ ಏಳು ಜನ ಹೆಂಗಸರು ಇದ್ದರು, ಅವರಿಗೆಲ್ಲ ಇವಳೇ ಮುಂದಾಳು. ತಿಂಗಳ ಸಂಬಳ ತಪ್ಪುತ್ತಿರಲಿಲ್ಲ. ಯುಗಾದಿಗೆ ಸೀರೆ ಕೊಡುತ್ತಿದ್ದರು. ಮುರಳಿಮೋಹನ್ ಬಯ್ಯುವ ಮನುಷ್ಯನೂ ಅಲ್ಲ.

ಹಾಗಿದ್ದವಳು ಕಳೆದ ವರ್ಷ ಕೆಲಸ ಬಿಟ್ಟಳು. ಜಂಗಮಕೋಟೆ ಪಕ್ಕದ ತನ್ನ ಊರಿನಲ್ಲಿ ಸ್ವಂತ ಚಾಕಿ ಸಾಕುತ್ತೇನೆ ಎಂದಳು. ಅತ್ತೆ ಗಂಗುಲಮ್ಮನವರ ಹೆಸರಿನಲ್ಲಿ ಒಂದೂಕಾಲು ಎಕರೆ ಹಿಪ್ಪುನೇರಳೆ ತೋಟ ಇತ್ತು. ಮನೆಯ ಪಕ್ಕ ಒಂದು ರೂಮು ಕಟ್ಟಿಸಿದರು. ರೇಷ್ಮೆ ಇಲಾಖೆಯಲ್ಲಿ ತರಬೇತಿ ಮುಗಿಸಿ ಹೆಸರು ಬರೆಸಿಯೂ ಬಂದಳು. ಗಂಡ ಭಾನುಪ್ರಕಾಶ್ ದೇವನಹಳ್ಳಿ ಕಡೆಯ ಕಂಪನಿಗೆ ಶಿಫ್ಟಿನ ಬಸ್ಸಿನಲ್ಲಿ ಹೋಗಿಬರುತ್ತಾನೆ. ಅವನು ಹೇಳಿದ್ದು ಒಂದೇ ಮಾತು. “ಒಬ್ರು ಸಂಬಳದಲ್ಲಿರಣ, ಒಬ್ರು ಈಜಣ. ಮುಳುಗಿದ್ರೆ ಎಳ್ಕೊಳ್ಳೋಕೆ ದಡದಲ್ಲಿ ಒಬ್ರು ಬೇಕಲ್ಲ.”

ಯಾಕೆ ಬಿಟ್ಟೆ ಎಂದು ಊರಲ್ಲಿ ಕೇಳದವರಿಲ್ಲ. ಈಗೀಗ ನಮ್ಮ ಕಡೆ ಹಾಗೆ ಬಿಟ್ಟವರು ಬಹಳ ಜನ. ಎದುರು ಮನೆಯ ಶಿರೀಷಾ ಗಾರ್ಮೆಂಟ್ಸಿನ ಬಸ್ಸು ಬಿಟ್ಟು ಮನೆಯಲ್ಲೇ ಮಿಷಿನ್ ಇಟ್ಟುಕೊಂಡಳು. ಮಗುವಿಗೆ ಮೈ ಬಿಸಿಯಾದ ದಿನ ಯಾರನ್ನೂ ಕೇಳದೆ ಮನೆಯಲ್ಲಿ ಉಳಿಯಬಹುದು ಎಂದು. ಕೋನಪ್ಪ ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಒಬ್ಬರ ಗಾಡಿ ಓಡಿಸುತ್ತಿದ್ದ. ಈಗ ಸ್ವಂತ ಲಗೇಜ್ ಆಟೋ ಇದೆ. “ಮೊದ್ಲು ಓನರ್ ಬಯ್ತಿದ್ದ. ಈಗ ನನಗೆ ನಾನೇ ಬಯ್ಕೊಳ್ತೀನಿ. ನಾನಾದ್ರೆ ಸ್ವಲ್ಪ ಮರ್ಯಾದೆಯಾಗಿ ಬಯ್ತೀನಿ” ಅನ್ನುತ್ತಾನೆ.

ರೂಪ ಯಾರಿಗೂ ಕಾರಣ ಹೇಳಲಿಲ್ಲ. ಅದು ಹೀಗಿತ್ತು.

ಅದಕ್ಕೂ ಹಿಂದಿನ ವರ್ಷ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ, ಕೇಂದ್ರದಲ್ಲಿ ಮೊದಲ ಜ್ವರದಿಂದ ಹುಳ ಏಳುತ್ತಿದ್ದವು. ಅರ್ಧ ಎದ್ದಿದ್ದವು, ಅರ್ಧ ಎದ್ದಿರಲಿಲ್ಲ. ಎಲ್ಲವೂ ಏಳುವ ತನಕ ಸೊಪ್ಪು ಹಾಕಬಾರದು. ಎದ್ದವು ತಿಂದು ಮುಂದೆ ಹೋಗುತ್ತವೆ, ಮಲಗಿದವು ಸೊಪ್ಪಿನಡಿ ಸಿಕ್ಕಿಕೊಳ್ಳುತ್ತವೆ. ಆಮೇಲೆ ಒಂದೇ ತಟ್ಟೆಯಲ್ಲಿ ಅಣ್ಣ ತಮ್ಮಂದಿರ ಹಾಗೆ ದೊಡ್ಡದು ಸಣ್ಣದು ಆಗುತ್ತದೆ. ಕೊನೆಯವರೆಗೂ ಒಂದಕ್ಕೊಂದು ಸೇರುವುದೇ ಇಲ್ಲ. ರೂಪ ಕಾಯೋಣ ಎಂದಳು. ಮುರಳಿಮೋಹನ್ ಗಡಿಯಾರ ನೋಡಿದರು. “ಹಾಕಮ್ಮಾ. ರೈತರಿಗೆ ದಿನ ಹೇಳಿದೀನಿ.” ಅವಳು ಹಾಕಿದಳು.

ಆ ಹುಳ ಹೋಗಿದ್ದು ಮೇಲೂರಿನ ವೆಂಕಟರಾಮಪ್ಪನವರ ಮನೆಗೆ. ಹಳೆಯ ಬೇಸಾಯದ ಮನೆ. ಅವರ ಹೆಂಡತಿ ವರಲಕ್ಷ್ಮಮ್ಮ ಮೂವತ್ತು ವರ್ಷದಿಂದ ಹುಳ ನೋಡಿಕೊಂಡವರು. ಆ ಬೆಳೆಯಲ್ಲಿ ಅರ್ಧ ಹುಳ ಹಣ್ಣಾಗಿ ಗೂಡು ಕಟ್ಟುವಾಗ ಇನ್ನರ್ಧ ಸೊಪ್ಪು ತಿನ್ನುತ್ತಲೇ ಇದ್ದವು. ಗೂಡು ದಪ್ಪ ಸಣ್ಣ ಬಂತು. ವೆಂಕಟರಾಮಪ್ಪ ಕೇಂದ್ರಕ್ಕೆ ಬಂದು ಕೇಳಿದಾಗ ಮುರಳಿಮೋಹನ್, “ನಮ್ಮಲ್ಲಿ ಎಲ್ಲ ಸರಿ ಇತ್ತು. ಮನೇಲಿ ಸೊಪ್ಪು ಹಾಕೋರು ಯಾರು ನೋಡಿ” ಎಂದರು. ರೂಪ ಅಲ್ಲೇ ಇದ್ದಳು. ಬಾಯಿ ಬಿಡಲಿಲ್ಲ.

ವೆಂಕಟರಾಮಪ್ಪ ಮನೆಗೆ ಹೋಗಿ ಹೆಂಡತಿಗೆ, “ನಿನ್ನ ಕೈಗುಣ ಹೋಯ್ತು, ಇನ್ನು ಹುಳದ ಮನೆಗೆ ಕಾಲಿಡಬೇಡ” ಎಂದರಂತೆ. ಅಂದಿನಿಂದ ಅಲ್ಲಿ ಕೂಲಿಯವರು ಸೊಪ್ಪು ಹಾಕುತ್ತಿದ್ದರು. ಈ ಸುದ್ದಿಯನ್ನು ಕೋನಪ್ಪ ತಂದ. ರೂಪಳಿಗೆ ಅನ್ನ ಇಳಿಯಲಿಲ್ಲ. ಹಾಕು ಎಂದರೆ ಹಾಕಬೇಕು, ಸುಮ್ಮನಿರು ಎಂದರೆ ಸುಮ್ಮನಿರಬೇಕು. ಅದು ಸಂಬಳದ ಜೊತೆಗೆ ಬರುವ ಕೆಲಸ ಎಂದು ಅವಳಿಗೆ ಅಂದು ಗೊತ್ತಾಯಿತು. ಕೆಲಸ ಬಿಟ್ಟಿದ್ದು ಅದಕ್ಕೆ.

*

ಸ್ವಂತ ರೂಮು ಮುಗಿದಾಗ ರೂಪ ಮೊದಲು ಹೋಗಿದ್ದು ಮೇಲೂರಿಗೇ. ನಿಜ ಹೇಳಿ ಬರಬೇಕು ಎಂದು ಹೋದಳು. ಜಗಲಿಯ ಕೆಳಗೆ ನಿಂತಾಗ ನಾಲಿಗೆ ಏಳಲಿಲ್ಲ. ವೆಂಕಟರಾಮಪ್ಪ ಅವಳು ಹುಳ ಬೇಕೇ ಎಂದು ಕೇಳಲು ಬಂದಿದ್ದಾಳೆ ಎಂದುಕೊಂಡರು.

“ಮುರಳಿ ಹತ್ರ ನೀನೇ ಅಲ್ವಾ ಎಲ್ಲ ನೋಡ್ತಿದ್ದೆ? ಇನ್ನೂರು ಮೊಟ್ಟೆ ಕೊಡು. ಆದ್ರೆ ಶುಕ್ರವಾರ ಬೆಳಿಗ್ಗೆ ರಾಹುಕಾಲಕ್ಕೆ ಮುಂಚೆ ಹುಳ ನಮ್ಮ ಮನೆ ಸೇರ್ಬೇಕು. ನಮ್ಮಪ್ಪನ ಕಾಲದಿಂದ ನಮ್ಮಲ್ಲಿ ಹುಳ ಬರೋದು ಶುಕ್ರವಾರನೇ.”

ರೂಪ ಆಗಲಿ ಎಂದು ಬಂದಳು. ಬೇರೆ ನಾಲ್ಕು ಜನ ರೈತರೂ ಒಪ್ಪಿದರು. ಎಲ್ಲ ಸೇರಿ ಆರುನೂರು ಮೊಟ್ಟೆ. ಈ ಲೆಕ್ಕದಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟಷ್ಟೂ, ಐನೂರರ ಹತ್ತಿರ ಹುಳ. ಅವಳ ಮೊದಲ ಬೆಳೆ. ಇದು ಸರಿಯಾಗಿ ಬಂದರೆ ರೂಪಳ ಚಾಕಿ ಎಂದು ನಾಲ್ಕು ಜನ ಹೇಳುತ್ತಾರೆ. ಕೆಟ್ಟರೆ ಮತ್ತೆ ಮುರಳಿಮೋಹನ್ ಅವರ ಬಾಗಿಲಿಗೇ ಹೋಗಬೇಕು.

ಡಿಸೆಂಬರಿನಲ್ಲಿ ಒಂದು ಗುರುವಾರ ಹುಳ ಹೊರಬಂದವು. ಹಕ್ಕಿಯ ಗರಿಯಿಂದ ಮೆಲ್ಲಗೆ ತಟ್ಟೆಗೆ ಇಳಿಸಿದಳು. ಎಳೆಯ ಸೊಪ್ಪನ್ನು ಹುಳದಷ್ಟೇ ಸಣ್ಣಗೆ ಕತ್ತರಿಸಿ ಹಾಕಿದಳು. ಗಂಗುಲಮ್ಮ ಬೆಳಗಿನ ತಂಪಿನಲ್ಲಿ ಸೊಪ್ಪು ಕೊಯ್ದು ತರುತ್ತಿದ್ದರು. ಒಂದು ಕಾಲಕ್ಕೆ ಅವರು ವೆಂಕಟರಾಮಪ್ಪನವರ ತೋಟದಲ್ಲೇ ಕೂಲಿಗೆ ಸೊಪ್ಪು ಕೊಯ್ದವರು.

“ಅಲ್ಲಿ ಬುಟ್ಟಿ ತುಂಬಿದ್ರೆ ಸಾಕು ಅಂತಿದ್ವಿ. ಇಲ್ಲಿ ಒಂದೊಂದು ಎಲೇನೂ ಮುಟ್ಟಿ ನೋಡ್ಬೇಕು ಅಂತೀಯ. ನೀನು ಆ ಗೌಡ್ರಿಗಿಂತ ಕಷ್ಟ ಕಣೇ” ಎಂದು ನಗುತ್ತಿದ್ದರು.

ಭಾನುವಾರ ಸಂಜೆ ಹುಳ ಮೊದಲ ಜ್ವರಕ್ಕೆ ಕೂತವು. ಅದೇ ಹೊತ್ತಿಗೆ ಕರೆಂಟು ಹೋಯಿತು. ಎಲ್ಲೋ ಕಂಬ ಬದಲಿಸುತ್ತಿದ್ದರಂತೆ. ಬಂದಿದ್ದು ಸೋಮವಾರ ಮಧ್ಯಾಹ್ನ. ಹೀಟರ್ ಇರಲಿಲ್ಲ. ಇದ್ದಿಲು ಹೊತ್ತಿಸಿ ಇಟ್ಟಳು. ಸಾಲಲಿಲ್ಲ.

ಮಂಗಳವಾರ ಬೆಳಿಗ್ಗೆ ತಟ್ಟೆ ಎಳೆದು ನೋಡಿದಳು. ರೂಮಿನ ಒಳಗಿನ ಕಡೆಗಿದ್ದ ಹುಳ ಎದ್ದು ತಲೆ ಅಲ್ಲಾಡಿಸುತ್ತಾ ಸೊಪ್ಪು ಹುಡುಕುತ್ತಿದ್ದವು. ಗೋಡೆಯ ಕಡೆಗಿದ್ದವು ಇನ್ನೂ ತಲೆ ಎತ್ತಿಕೊಂಡು ಕಲ್ಲಿನ ಹಾಗೆ ಕೂತಿದ್ದವು. ಇನ್ನೊಂದು ತಟ್ಟೆ ಎಳೆದಳು. ಅದೂ ಹಾಗೇ. ಎಲ್ಲ ತಟ್ಟೆಯೂ ಹಾಗೇ.

ಅವಳಿಗೆ ತನ್ನ ತಪ್ಪು ತಿಳಿಯಿತು. ಜಾಗ ಉಳಿಯಲಿ ಎಂದು ತಟ್ಟೆ ಜೋಡಿಸುವ ಸ್ಟ್ಯಾಂಡನ್ನು ಗೋಡೆಗೆ ಒತ್ತಿ ಇಟ್ಟಿದ್ದಳು. ಹೊಸ ಗೋಡೆ, ಇನ್ನೂ ಪೂರ್ತಿ ಒಣಗಿರಲಿಲ್ಲ. ಆ ಥಂಡಿಯೆಲ್ಲ ಹುಳಕ್ಕೆ ತಗುಲಿತ್ತು. ಬೇರೆಯವರ ಕೇಂದ್ರದಲ್ಲಿ ಇದ್ದಾಗ ಗೋಡೆ ನೋಡುವುದು ಅವಳ ಕೆಲಸವಾಗಿರಲಿಲ್ಲ. ಈಗ ಗೋಡೆಯೂ ಅವಳದೇ.

ಕೋನಪ್ಪ ಹುಳದ ಮೇಲೆ ಎರಚುವ ಸುಣ್ಣದ ಪುಡಿ ತಂದಿಳಿಸಿದ. ಬಾಗಿಲ ಹತ್ತಿರ ಬಂದು ಅವಳ ಮುಖ ನೋಡಿದ.

“ಏನು ರೂಪಕ್ಕಾ, ಬೆಳಗಾನೆ ಹಿಂಗಿದೀಯ?”

“ಅರ್ಧ ಎದ್ದವೆ, ಅರ್ಧ ಎದ್ದಿಲ್ಲ ಕಣೋ.”

“ಸೊಪ್ಪು ಹಾಕ್ಬಿಡು. ವಾಸನೆಗೆ ಏಳ್ತವೆ.”

“ನೀನು ಮಲಗಿದ್ದಾಗ ಮುಖದ ಮೇಲೆ ಮುದ್ದೆ ತಟ್ಟೆ ಇಟ್ರೆ ಏಳ್ತೀಯಾ?”

“ಸಾರು ಯಾವ್ದು ಅನ್ನೋದ್ರ ಮೇಲೈತೆ.”

ರೂಪಳಿಗೆ ನಗು ಬಂತು. ಮರುಗಳಿಗೆ ಹೋಯಿತು. ಈಗ ಸೊಪ್ಪು ಹಾಕಿದರೆ ಶುಕ್ರವಾರ ಬೆಳಿಗ್ಗೆ ಎರಡನೇ ಜ್ವರದ ಹುಳ ಮೇಲೂರಿಗೆ ಹೋಗುತ್ತದೆ. ಸಂಜೆಯ ತನಕ ಕಾದರೆ ಶನಿವಾರ. ಈ ರೂಮಿಗೆ ಬಂದು ಯಾರೂ ನೋಡುವುದಿಲ್ಲ. ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ತಿಳಿಯುವುದು ಇಪ್ಪತ್ತು ದಿನ ಆದ ಮೇಲೆ, ಗೂಡು ಕಟ್ಟುವಾಗ. ಆಗ ಇನ್ನೊಂದು ಸಲ ಯಾರದೋ ಕೈಗುಣಕ್ಕೆ ಬಂತು ಎನ್ನಬಹುದು.

ಕತ್ತರಿಸಿದ ಸೊಪ್ಪಿನ ಬುಟ್ಟಿ ಕಾಲ ಹತ್ತಿರವೇ ಇತ್ತು. ಅದಕ್ಕೆ ಒದ್ದೆ ಬಟ್ಟೆ ಮುಚ್ಚಿ ಹೊರಗಿಟ್ಟಳು. ಕೋನಪ್ಪನ ಕಾಲು ತೊಳೆಸಿ ಒಳಗೆ ಕರೆದಳು. ಇಬ್ಬರೂ ಸೇರಿ ಸ್ಟ್ಯಾಂಡನ್ನು ಗೋಡೆಯಿಂದ ಎರಡು ಅಡಿ ಈಚೆಗೆ ಎಳೆದರು. ಎದ್ದ ಹುಳ ಸುಮ್ಮನೆ ಓಡಾಡಿ ಸುಸ್ತಾಗದಿರಲಿ ಎಂದು ಸುಣ್ಣದ ಪುಡಿ ತೆಳ್ಳಗೆ ಎರಚಿದಳು. ಆಮೇಲೆ ಫೋನ್ ತೆಗೆದುಕೊಂಡಳು.

ನಾಲ್ಕು ಜನ ರೈತರು ಗೊಣಗಿದರು. ಒಬ್ಬರು, “ಶನಿವಾರಾನಾ? ಸರಿ ಬಿಡಮ್ಮ, ನನಗೂ ಶುಕ್ರವಾರ ಬ್ಯಾಂಕಲ್ಲಿ ಕೆಲಸ ಐತೆ” ಎಂದರು. ವೆಂಕಟರಾಮಪ್ಪ ಪೂರ್ತಿ ಕೇಳದೆ ಫೋನ್ ಇಟ್ಟರು. ಒಂದು ಗಂಟೆಯಲ್ಲಿ ಅವರ ಟಿವಿಎಸ್ ಗಾಡಿ ಮನೆಯ ಮುಂದೆ ನಿಂತಿತು.

*

ಅವರು ನೇರವಾಗಿ ಹುಳದ ರೂಮಿನ ಕಡೆಗೇ ಬಂದರು. ಗಂಗುಲಮ್ಮ ಅಡ್ಡ ಬಂದರು.

“ಗೌಡ್ರೇ, ಕಾಲು ತೊಳ್ಕಳಿ. ಬಕೀಟಲ್ಲಿ ಬ್ಲೀಚಿಂಗ್ ಪೌಡರ್ ನೀರೈತೆ.”

“ನನ್ನ ಕಾಲಿಗೇನಾಗೈತೆ?”

“ನಿಮ್ಮ ಕಾಲಿಗೇನಾಗಿಲ್ಲ ಸ್ವಾಮಿ. ನಮ್ಮ ಹುಳಕ್ಕೆ ಆಗ್ತದೆ.”

ವೆಂಕಟರಾಮಪ್ಪ ಬಕೆಟ್ಟು ನೋಡಿದರು. ತಮ್ಮ ಚಪ್ಪಲಿ ನೋಡಿದರು. ತೊಳೆಯಲಿಲ್ಲ. ಹೊಸ್ತಿಲಿನ ಆಚೆಗೇ ನಿಂತರು. ರೂಪ ಒಳಗಿಂದ ಬಂದು ಬಾಗಿಲಲ್ಲಿ ನಿಂತಳು.

“ಏನಮ್ಮಾ ಇದು? ಶುಕ್ರವಾರ ಅಂತ ಮಾತು ಕೊಟ್ಟಿದ್ದೆ.”

“ಕೊಟ್ಟಿದ್ದೆ ಗೌಡ್ರೇ. ತಪ್ಪು ನಂದೇ. ಗೋಡೆಗೆ ಒತ್ತಿ ಇಟ್ಬಿಟ್ಟೆ, ಥಂಡಿ ಹೊಡೀತು. ಹುಳ ಎಲ್ಲ ಒಟ್ಟಿಗೆ ಎದ್ದಿಲ್ಲ.”

“ಎದ್ದಿದ್ದಕ್ಕೆ ಹಾಕು. ಉಳಿದಿದ್ದು ನಾಳೆ ಎದ್ದು ತಿಂತವೆ. ಮುರಳಿ ಹತ್ರ ಇದ್ದಾಗ ಹೇಳಿದ ದಿನಕ್ಕೆ ಕೊಡ್ತಿದ್ದೆ ತಾನೆ?”

“ಕೊಡ್ತಿದ್ದೆ.”

“ಮತ್ತೆ? ಸ್ವಂತ ಆದ ತಕ್ಷಣ ಸೊಕ್ಕಾ? ನಾನು ಈಗ್ಲೇ ಮುರಳಿಗೆ ಫೋನ್ ಮಾಡಿದ್ರೆ ಶುಕ್ರವಾರ ಎಂಟು ಗಂಟೆಗೆ ಹುಳ ಇಳಿಸ್ತಾನೆ.”

ರೂಪ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಜಗಲಿಯ ಕೆಳಗೆ ಅಂದು ಏಳದ ನಾಲಿಗೆ ಈಗ ತನ್ನ ಬಾಗಿಲಲ್ಲಿ ಎದ್ದಿತು.

“ಹೋದ ವರ್ಷದ ಕಾರ್ತಿಕದ ಬೆಳೆ ಜ್ಞಾಪಕ ಐತಾ ಗೌಡ್ರೇ? ಅವತ್ತೂ ಹಿಂಗೇ ಅರ್ಧ ಎದ್ದಿದ್ವು. ಹೇಳಿದ ದಿನ ತಪ್ಪಬಾರದು ಅಂತ ಸೊಪ್ಪು ಹಾಕಿದ್ವಿ. ಹಾಕಿದ್ದು ನಾನೇ, ಈ ಕೈಯಲ್ಲೇ. ಹುಳ ಅಲ್ಲೇ ಕೆಟ್ಟಿತ್ತು. ನಿಮ್ಮ ಮನೆಗೆ ಬಂದ ಮೇಲೆ ಕೆಟ್ಟಿದ್ದಲ್ಲ.”

ಅವರು ಅವಳ ಕೈ ನೋಡಿದರು.

“ಅಮ್ಮಾವ್ರ ಕೈಯಲ್ಲಿ ಏನೂ ತಪ್ಪಿರಲಿಲ್ಲ. ಅವತ್ತೇ ಹೇಳ್ಬೇಕಿತ್ತು. ಹೇಳ್ಲಿಲ್ಲ. ನೀವು ಎಲ್ಲಿ ಬೇಕಾದ್ರೂ ಹುಳ ತಗೊಳ್ಳಿ. ನಾನು ಮಾತ್ರ ಶುಕ್ರವಾರ ಕೊಡಲ್ಲ.”

ವೆಂಕಟರಾಮಪ್ಪನವರ ಮುಖ ಕೆಂಪಾಯಿತು. ಬೈಯುತ್ತಾರೆ ಎಂದು ಗಂಗುಲಮ್ಮ ಮುಂದೆ ಬಂದರು. ಅವರು ಬೈಯಲಿಲ್ಲ. ಗಾಡಿ ಹತ್ತಿ ಹೋದರು. ಗಾಡಿ ಎರಡು ಸಲ ಒದ್ದ ಮೇಲೆ ಸ್ಟಾರ್ಟ್ ಆಯಿತು.

“ಇನ್ನೂರು ಮೊಟ್ಟೆ ಹೋಯ್ತು ಅತ್ತೆ” ಎಂದಳು ರೂಪ.

“ಹೋಗ್ಲಿ ಬಿಡು. ಹೊಟ್ಟೇಲಿ ಇಟ್ಕೊಂಡಿದ್ದ ಮಾತೂ ಹೊರಗೆ ಹೋಯ್ತಲ್ಲ” ಎಂದರು ಗಂಗುಲಮ್ಮ. “ಬಾ, ಸ್ವಲ್ಪ ಉಪ್ಪಿಟ್ಟು ತಿನ್ನು. ಹುಳದ ಜೊತೆ ನೀನೂ ಉಪವಾಸ ಕೂತಿದೀಯ.”

ಆ ದಿನ ಸಂಜೆ ಐದಕ್ಕೆ ಎಲ್ಲ ಹುಳ ಎದ್ದವು. ಬೆಳಿಗ್ಗೆಯೇ ಎದ್ದವು ಕಾದಿದ್ದವು, ಏನೂ ಆಗಿರಲಿಲ್ಲ. ರೂಪ ಸೊಪ್ಪು ಹಾಕಿದಳು. ಸಣ್ಣ ಮಳೆ ಬಿದ್ದ ಹಾಗೆ ತಟ್ಟೆಗಳಲ್ಲಿ ತಿನ್ನುವ ಸದ್ದು ಎದ್ದಿತು. ಮೇಲೂರಿನ ಇನ್ನೂರು ಮೊಟ್ಟೆಯ ಹುಳವನ್ನೂ ಅವಳು ಬಿಸಾಡಲಿಲ್ಲ. ಉಳಿದವುಗಳ ಜೊತೆಗೇ ನೋಡಿಕೊಂಡಳು. ಯಾರಿಗೆ ಕೊಡಬೇಕು ಎಂದು ಮಾತ್ರ ಗೊತ್ತಿರಲಿಲ್ಲ.

*

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಕೋನಪ್ಪನ ಆಟೋ ಬಂತು. ಮುಂದಿನ ಸೀಟಿನಿಂದ ವರಲಕ್ಷ್ಮಮ್ಮ ಇಳಿದರು. ಅರಿಶಿನ ಬಣ್ಣದ ಸೀರೆ, ಕೈಯಲ್ಲಿ ತಾಂಬೂಲದ ಚೀಲ. ಯಾರೂ ಹೇಳದೆ ಚಪ್ಪಲಿ ಬಿಟ್ಟರು. ಬಕೆಟ್ಟಿನಲ್ಲಿ ಕಾಲು ತೊಳೆದರು. ಕೈ ತೊಳೆದರು. ರೂಮಿನ ಒಳಗೆ ಬಂದು ಒಂದು ತಟ್ಟೆ ಎಳೆದು, ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಇನ್ನೊಂದು ತಟ್ಟೆ ಎಳೆದು ನೋಡಿದರು. ಹುಳ ಎಲ್ಲ ಒಂದೇ ಅಳತೆ. ಸಂಜೆಯ ಹೊತ್ತಿಗೆ ಜ್ವರಕ್ಕೆ ಕೂರುವ ಮೈ ಹೊಳಪು ಬಂದಿತ್ತು.

“ಯಜಮಾನ್ರು ಮಂಗಳವಾರ ಬಂದು ಊಟ ಮಾಡ್ಲಿಲ್ಲ” ಎಂದರು. “ಬುಧವಾರ ಹೇಳಿದ್ರು. ಹೇಳೋಕೆ ಒಂದು ದಿನ ಹಿಡೀತು ಅವರಿಗೆ.”

“ತಪ್ಪಾಯ್ತಮ್ಮಾ” ಎಂದಳು ರೂಪ.

“ಆಯ್ತು. ಒಂದು ವರ್ಷ ನಾನು ಈ ಕೈ ನೋಡ್ಕೊಂಡು ಕೂತಿದ್ದೆ. ನಂದೇ ತಪ್ಪು ಅಂತ ನಾನೂ ನಂಬಿದ್ದೆ ಕಣಮ್ಮ.” ವರಲಕ್ಷ್ಮಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಕನ್ನಡಕದಲ್ಲಿ ಏನೂ ಇರಲಿಲ್ಲ. “ನಿನ್ನ ಮೇಲೆ ಕೋಪ ಬಂತು. ನಿನ್ನೆ ಪೂರ್ತಿ ಇತ್ತು. ಇವತ್ತು ಹುಳ ನೋಡಿದ ಮೇಲೆ ಸ್ವಲ್ಪ ಕಮ್ಮಿಯಾಗೈತೆ.”

“ನಾಳೆ ಕೊಡ್ತೀನಮ್ಮ. ನೀವು ತಗೊಳ್ಳೋದಾದ್ರೆ.”

“ತಗೊಳ್ದೆ? ಆದ್ರೆ ಅವರಿಗೆ ಶುಕ್ರವಾರದ ಹಟ. ಮಾವನ ಕಾಲದ್ದು, ನಾನೂ ಬಿಡು ಅನ್ನಲ್ಲ.” ಅವರು ರೂಮಿನ ಸುತ್ತ ನೋಡಿದರು. “ಒಂದು ಖಾಲಿ ತಟ್ಟೆ ಕೊಡು. ತೊಳ್ದಿದ್ದು. ನಿನ್ನ ತೋಟದ ಒಂದು ಕೊಂಬೆ ಸೊಪ್ಪೂ ಕೊಡು. ಇವತ್ತು ತಟ್ಟೆ ಮನೆಗೆ ಬರ್ಲಿ, ಪೂಜೆ ಮಾಡ್ತೀನಿ. ಹುಳ ನಾಳೆ ಬಂದು ಅದೇ ತಟ್ಟೇಲಿ ಕೂರ್ಲಿ. ಜಾಗ ಹಿಡಿದ ಹಾಗಾಯ್ತು.”

ಕೋನಪ್ಪ ಬಾಗಿಲಿನಿಂದಲೇ, “ಬಸ್ ಸೀಟಿಗೆ ಟವೆಲ್ ಹಾಕಿದಂಗೆ” ಎಂದ.

“ಹೂ ಕಣೋ, ಹಂಗೇ. ನೀನು ಗಾಡಿ ತಿರುಗ್ಸು. ರಾಹುಕಾಲಕ್ಕೆ ಮುಂಚೆ ಹೋಗಣ.”

ಗಂಗುಲಮ್ಮ ತೋಟಕ್ಕೆ ಹೋಗಿ ಒಳ್ಳೆಯ ಕೊಂಬೆ ಒಂದನ್ನು ಆರಿಸಿ ತಂದರು. ವರಲಕ್ಷ್ಮಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ಮಾರನೆಯ ದಿನ ಬೆಳಗಿನ ತಂಪಿನಲ್ಲಿ ರೂಪ ಹುಳ ತೆಗೆದುಕೊಂಡು ಮೇಲೂರಿಗೆ ಹೋದಳು. ಸೊಪ್ಪು ಹಿಡಿದುಕೊಳ್ಳಲು ಗಂಗುಲಮ್ಮನವರೂ ಹೋದರು. ಹುಳದ ಮನೆಯ ಮುಂದೆ ರಂಗೋಲಿ ಇತ್ತು. ಇಬ್ಬರೂ ಕಾಲು ತೊಳೆದು, ಅಭ್ಯಾಸದಂತೆ ಬಾಗಿಲ ಹೊರಗೆ ನಿಂತರು. ವರಲಕ್ಷ್ಮಮ್ಮ ಒಳಗಿನಿಂದ ಕರೆದರು.

“ಅಲ್ಲೇ ಯಾಕ್ ನಿಂತ್ರಿ? ಬನ್ನಿ. ರೂಪಾ, ನಿನ್ನ ಕೈಯಲ್ಲೇ ಬಿಡು. ಗಂಗುಲಮ್ಮ, ನೀನೂ ಬಾ, ಈ ಕಡೆ ಹಿಡ್ಕೋ.”

ವೆಂಕಟರಾಮಪ್ಪ ಅಂಗಳದಲ್ಲಿ ನಿಂತು ನೋಡಿದರು. ಇಬ್ಬರೂ ಒಳಗೆ ಹೋದರು. ಹೊರಗೆ ಬಂದಾಗ ಗೌಡರೇ ಕಾಫಿ ಲೋಟ ತಂದು ಕೊಟ್ಟರು. ಒಂದು ಕಾಲಕ್ಕೆ ಆ ಮನೆಯ ಕೂಲಿಯಾಗಿದ್ದ ಗಂಗುಲಮ್ಮ ಹಬೆಯಾಡುವ ಲೋಟ ಹಿಡಿದು ಅದನ್ನೇ ನೋಡುತ್ತಾ ನಿಂತಿದ್ದರು. ಕೋನಪ್ಪ ಹಾರನ್ ಹೊಡೆದ ಮೇಲೆ ಕುಡಿದರು.

ಇಪ್ಪತ್ತು ದಿನ ರೂಪ ಸರಿಯಾಗಿ ಮಲಗಲಿಲ್ಲ. ಇಪ್ಪತ್ತೊಂದನೆಯ ದಿನ ಮೇಲೂರಿನಿಂದ ಫೋನ್ ಬಂತು. ವರಲಕ್ಷ್ಮಮ್ಮ ಮಾತಾಡುವುದಕ್ಕಿಂತ ಹೆಚ್ಚಾಗಿ ಕೂಗುತ್ತಿದ್ದರು. ಬೆಳಿಗ್ಗೆಯಿಂದ ಹುಳ ಹಣ್ಣಾಗುತ್ತಿವೆ, ಎಲ್ಲ ಒಟ್ಟಿಗೇ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಲು ಕೈ ಸಾಲುತ್ತಿಲ್ಲ, ಯಜಮಾನರೂ ಪಂಚೆ ಎತ್ತಿಕಟ್ಟಿ ಹುಳ ಆರಿಸುತ್ತಿದ್ದಾರೆ ಎಂದರು. ಹಿಂದೆ ಯಾರೋ ನಗುವುದು ಕೇಳಿಸಿತು.

“ನಾನೂ ಬರ್ಲಾ ಅಮ್ಮಾ?”

“ಬೇಡ, ನಿನ್ನ ಹುಳ ನೋಡ್ಕೋ” ಎಂದು ಅವರು ಫೋನ್ ಇಟ್ಟರು.

ರೂಪಳಿಗೂ ಆಗ ಬಿಡುವಿರಲಿಲ್ಲ. ಎರಡನೇ ಬೆಳೆಯ ಹುಳ ಮೊದಲ ಜ್ವರಕ್ಕೆ ಕೂರುವುದರಲ್ಲಿದ್ದವು. ಈಗ ಒಂಬತ್ತು ಜನ ರೈತರು. ಸ್ಟ್ಯಾಂಡು ಗೋಡೆಯಿಂದ ಎರಡು ಅಡಿ ದೂರ ಇತ್ತು, ಕರೆಂಟು ಹೋದರೆ ಎಂದು ಎರಡು ಮೂಟೆ ಇದ್ದಿಲು ಮೂಲೆಯಲ್ಲಿ ಇತ್ತು.

ವಾರದ ಮೇಲೆ ವೆಂಕಟರಾಮಪ್ಪನವರೇ ಫೋನ್ ಮಾಡಿದರು. ಗೂಡು ಮಾರ್ಕೆಟ್ಟಿಗೆ ಹೋಗಿ ಬಂದಿತ್ತು. ಅದರ ಬಗ್ಗೆ ಅವರು ಏನೂ ಹೇಳಲಿಲ್ಲ.

“ಮುಂದಿನ ಬೆಳೆಗೆ ಇನ್ನೂರೈವತ್ತು ಮೊಟ್ಟೆ ಹಿಡಿ.”

“ಹಿಡೀತೀನಿ ಗೌಡ್ರೇ.”

“ಯಾವತ್ತು ಕೊಡ್ತೀಯಮ್ಮ?”

“ಹುಳ ಎಲ್ಲ ಎದ್ದ ಮೇಲೆ ದಿನ ಹೇಳ್ತೀನಿ.”

ಆ ಕಡೆ ಕ್ಯಾಲೆಂಡರಿನ ಹಾಳೆ ತಿರುವಿದ ಸದ್ದು ಕೇಳಿಸಿತು.

“ಸರಿ ಬಿಡಮ್ಮಾ” ಎಂದರು ವೆಂಕಟರಾಮಪ್ಪ. “ಖಾಲಿ ತಟ್ಟೆ ಮಾತ್ರ ಶುಕ್ರವಾರ ಕಳಿಸು.”